ಎಸೆಸೆಲ್ಸಿ ಶೇಕಡಾವಾರು ನೋಡುವ ಮೊದಲು ಇಂಟರ್ನಲ್ ಕಳೆಯಿರಿ

ರಿಸಲ್ಟ್ ಬಂದ ದಿನ ಎಲ್ಲರ ಕಣ್ಣೂ ಜಿಲ್ಲಾವಾರು ಪಟ್ಟಿಯ ಮೇಲೆ. 2023ರಲ್ಲಿ ರಾಜ್ಯದ ಎಸೆಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾದ ನೇರ ನಿಗಾ, ಅಂದರೆ ವೆಬ್‌ಕಾಸ್ಟಿಂಗ್ ಬಂತು, ಶೇ. 73.40ಕ್ಕೆ ಇಳಿಯಿತು. ಅದೂ ಪಾಸಾಗಲು ಸೇರಿಸಿ ಕೊಡುವ ಗ್ರೇಸ್ ಅಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ! ಆ ಹೆಚ್ಚುವರಿ ಗ್ರೇಸ್ ಇಲ್ಲದ 2025ರಲ್ಲಿ ಮೊದಲ ಪರೀಕ್ಷೆಯಲ್ಲಿ ಶೇ. 66.14. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ, ಅಳತೆಗೋಲು ಬದಲಾಯಿತು ಅಷ್ಟೇ.

ಹಾಗಾಗಿ ಶಾಲೆಯ ಶೇಕಡಾವಾರು ಬದಿಗಿಟ್ಟು ಒಬ್ಬೊಬ್ಬ ವಿದ್ಯಾರ್ಥಿಯ ಅಂಕಪಟ್ಟಿ ಹಿಡಿಯಿರಿ. ಗಣಿತದಲ್ಲಿ 48 ಎಂದಿದೆ ಅಂದುಕೊಳ್ಳಿ. ಅದರಲ್ಲಿ ಇಂಟರ್ನಲ್, ಅಂದರೆ ಆಂತರಿಕ ಮೌಲ್ಯಮಾಪನದ ಅಂಕ, 20ಕ್ಕೆ 20 ಇದ್ದರೆ ಲಿಖಿತ ಪರೀಕ್ಷೆಯಲ್ಲಿ ಬಂದದ್ದು 80ಕ್ಕೆ 28, ಅಂದರೆ ಬರೀ ಶೇ. 35. ಪ್ರಥಮ ಭಾಷೆಯಲ್ಲಿ ಇನ್ನೂ ಮೋಸ: 60 ಎಂದರೆ ಫಸ್ಟ್ ಕ್ಲಾಸ್ ಅನ್ನಿಸುತ್ತದೆ, ಆದರೆ ಒಟ್ಟು 125. ಇಂಟರ್ನಲ್ 25 ಕಳೆದರೆ ನೂರಕ್ಕೆ 35 ಉಳಿಯುತ್ತದೆ. ಇಂಟರ್ನಲ್ ಕೊಡುವುದು ಶಾಲೆಯೇ. ಕೈ ಬಿಗಿ ಹಿಡಿಯುವವರು ಕಡಿಮೆ.

ಪಿಯು ಸೈನ್ಸ್‌ಗೆ ಸೇರಿಸುವ ಮುನ್ನ ಗಣಿತ, ವಿಜ್ಞಾನದ ಲಿಖಿತ ಅಂಕ ಮಾತ್ರ ನೋಡಿ. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿದರೆ ಇನ್ನೂ ಒಳ್ಳೆಯದು. ಒಂದಂಕದ ಪ್ರಶ್ನೆಗಳೆಲ್ಲ ಸರಿ, ನಾಲ್ಕಂಕದ್ದು ಖಾಲಿ ಎಂದಿದ್ದರೆ ಬಾಯಿಪಾಠ ಆಗಿದೆ, ಲೆಕ್ಕ ಬಿಡಿಸುವ ಅಭ್ಯಾಸ ಆಗಿಲ್ಲ. ಆ ವಿದ್ಯಾರ್ಥಿಗೆ ಬೇಸಿಗೆ ರಜೆಯಲ್ಲಿ ಒಂಬತ್ತನೇ ತರಗತಿಯ ಬೀಜಗಣಿತವನ್ನೇ ಮತ್ತೆ ಮಾಡಿಸಬೇಕು. ಕನ್ನಡ ಮಾಧ್ಯಮದವರಾದರೆ ಜೊತೆಗೆ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನೂ.