ಎರಡು ಟ್ಯಾಂಕಿನ ಲಾರಿ, ಒಂದೇ ಟ್ಯಾಂಕ್ ನೋಡಿದ ನಾನು

ಆ ಹನ್ನೆರಡು ಚಕ್ರದ ಲಾರಿಯ ಡೀಸೆಲ್ ಪಂಪ್ ಇಳಿಸಿ ಅಂತ ಹೇಳಿದವನು ನಾನೇ. ಇಳಿಸಬೇಕಾಗಿರಲಿಲ್ಲ. ಓನರಿಗೆ ಮೂರು ದಿನದ ಬಾಡಿಗೆ ಹೋಯಿತು, ಡೀಸೆಲ್ ಪಂಪ್ ಬಿಚ್ಚಿ ರಿಪೇರಿ ಮಾಡುವ ಪಂಪ್ ರೂಮಿನ ಬಿಲ್ ಬೇರೆ. ಎರಡು ಮಳೆಗಾಲ ಕಳೆದಿವೆ, ಇವತ್ತಿಗೂ ಸಕಲೇಶಪುರದ ಕಡೆ ಟ್ರಯಲ್‌ಗೆ ಹೋದರೆ ಅದೇ ನೆನಪಾಗಿ ಹೊಟ್ಟೆ ಹಿಂಡುತ್ತದೆ.

ಗಾಡಿ ಹಾಸನದ ನಮ್ಮ ವರ್ಕ್‌ಶಾಪಿಗೆ ಬಂದ ದಿನ ಡ್ರೈವರಣ್ಣ ಹೇಳಿದ್ದು ಇಷ್ಟು: "ಪಣಂಬೂರಲ್ಲಿ ಗೊಬ್ಬರ ಲೋಡ್ ಮಾಡ್ಕಂಡು ಬರ್ತೀನಿ. ಉಪ್ಪಿನಂಗಡಿ, ನೆಲ್ಯಾಡಿವರೆಗೂ ಚೆನ್ನಾಗೇ ಎಳೀತದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಕ್ಕೆ ಶುರು ಮಾಡುದ್ರೆ ಪಿಕಪ್ ಬೀಳ್ತದೆ, ಆಮೇಲೆ ಆಫ್. ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡುದ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಸ್ಟಾರ್ಟು."

ಈಗ ಓದಿದರೆ ಉತ್ತರ ಆ ಮಾತಿನಲ್ಲೇ ಇದೆ. ಅವತ್ತು ನನಗೆ ಕೇಳಿಸಿದ್ದು 'ಅರ್ಧ ಗಂಟೆ ಬಿಟ್ಟರೆ' ಅನ್ನುವುದೊಂದೇ. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಓಡುತ್ತದೆ ಅಂದರೆ ಹೈ ಪ್ರೆಷರ್ ಪಂಪ್ ಸವೆದಿದೆ ಅಂತ ತಲೆ ಆಗಲೇ ತೀರ್ಮಾನ ಮಾಡಿಯಾಗಿತ್ತು. ಸ್ಕ್ಯಾನರ್ ಹಾಕಿದೆವು, ಪಿ0087 ಕೋಡ್ ಬಂತು, ರೈಲ್ ಪ್ರೆಷರ್ ಲೋ, ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಪೈಪಿನಲ್ಲಿ ಒತ್ತಡ ಕಡಿಮೆ. ಸೂಪರ್‌ವೈಸರ್ ಜಾಬ್ ಕಾರ್ಡಿನಲ್ಲಿ ಆಗಲೇ 'ಪಂಪ್' ಅಂತ ಬರೆದರು. ನಮ್ಮಲ್ಲಿ ಇದೊಂದು ರೋಗ. ಪ್ರೆಷರ್ ಕಡಿಮೆ ಅಂತ ಮಾತ್ರ ಕೋಡ್ ಹೇಳುತ್ತದೆ. ಪಂಪಿಗೆ ಡೀಸೆಲ್ ಬರುತ್ತಲೇ ಇಲ್ಲದಿದ್ದರೂ ಅದೇ ಕೋಡ್ ಬರುತ್ತದೆ.

ಆದರೂ ಕ್ರಮವಾಗಿಯೇ ಹೋಗುತ್ತಿದ್ದೇನೆ ಅಂದುಕೊಂಡೆ. ಎರಡೂ ಫಿಲ್ಟರ್ ಬದಲಿಸಿದೆ. ವಾಟರ್ ಸೆಪರೇಟರ್ ಡ್ರೈನ್ ಮಾಡಿದೆ, ನೀರಿರಲಿಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಕ್ಷನ್ ಲೈನಿಗೆ ಟ್ರಾನ್ಸ್‌ಪರೆಂಟ್ ಪೈಪ್ ಕಟ್ಟಿ ಅರ್ಧ ಗಂಟೆ ರೇಸ್ ಮಾಡಿದಾಗ ಒಂದೆರಡು ಗುಳ್ಳೆ ಕಂಡವು. ಏರ್ ಎಳೆಯುತ್ತಿದೆ ಅಂತ ಖುಷಿಯಾಯಿತು. ಪೈಪ್ ಜೋಡಿಸುವ ಬ್ಯಾಂಜೊ ಬೋಲ್ಟ್ ಬಿಚ್ಚಿ ತಾಮ್ರದ ವಾಷರ್ ಹೊಸದು ಹಾಕಿ, ಕ್ಲಿಪ್ ಟೈಟ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಗುಳ್ಳೆ ಇಲ್ಲ. ವಾಷರ್ ಹಾಕುವ ಹೊತ್ತಿನಲ್ಲಿ ಎಂಜಿನ್ ಆಫ್ ಇತ್ತು, ಅಷ್ಟರಲ್ಲಿ ಟ್ಯಾಂಕಿನಲ್ಲಿ ಡೀಸೆಲ್ ಏರಿಕೊಂಡಿತ್ತು ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಡೀಸೆಲ್ ನೋಡಲಿಲ್ಲವೇ ಅಂದರೆ, ನೋಡಿದೆ. ಮೀಟರ್ ಅರ್ಧ ತೋರಿಸುತ್ತಿತ್ತು. ಕ್ಲೀನರ್ ಸೈಡ್ ಟ್ಯಾಂಕಿನ ಕ್ಯಾಪ್ ತೆಗೆದು ಕಡ್ಡಿ ಇಳಿಸಿದೆ, ಅಲ್ಲೂ ಅರ್ಧಕ್ಕಿಂತ ಮೇಲೆ. ಡ್ರೈವರ್ ಸೈಡ್ ಕ್ಯಾಪಿಗೆ ಬೀಗ ಇತ್ತು, ಕೀ ಇದ್ದದ್ದು ಊಟಕ್ಕೆ ಹೋಗಿದ್ದ ಡ್ರೈವರ್ ಹತ್ತಿರ. ಕೆಳಗೆ ಎರಡೂ ಟ್ಯಾಂಕ್ ಕೂಡಿಸುವ ಬ್ಯಾಲೆನ್ಸ್ ಪೈಪ್ ಇದೆ, ಇಲ್ಲಿ ಇದ್ದಷ್ಟೇ ಅಲ್ಲೂ ಇರುತ್ತದೆ ಅಂದುಕೊಂಡೆ. ಹತ್ತು ನಿಮಿಷ ಕಾಯಲಿಲ್ಲ.

ಪಂಪ್ ಇಳಿಸಿ ಕಳಿಸಿದೆವು. ಪಂಪ್ ರೂಮಿನವರು ಪಂಪಿನೊಳಗೆ ಡೀಸೆಲ್ ಅಳೆದು ಬಿಡುವ ಮೀಟರಿಂಗ್ ಯೂನಿಟ್ ಬದಲಿಸಿ, ಒಳಗೆ ಸವೆತ ಇದೆ ಅಂತ ಹೇಳಿ ಕಳಿಸಿದರು. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಯಾವ ಪಂಪ್ ಬಿಚ್ಚಿದರೂ ಸವೆತ ಸಿಗುತ್ತದೆ. ನಾನು ಅದನ್ನೇ ಸಾಕ್ಷಿ ಅಂತ ಹಿಡಿದುಕೊಂಡೆ.

ಟ್ರಯಲ್‌ಗೆ ನಾನೇ ಹೋದೆ. ಪಣಂಬೂರಿನಿಂದ ಫುಲ್ ಲೋಡ್, ಸಂಜೆ ಹೊತ್ತು, ಜಿಟಿಜಿಟಿ ಮಳೆ. ಅಡ್ಡಹೊಳೆ ದಾಟಿ ಏರು ಶುರುವಾಯಿತು. ಸುಮಾರು ದೂರ ಚೆನ್ನಾಗಿಯೇ ಎಳೆಯಿತು, ನಾನು ಸೀಟಿಗೆ ಒರಗಿಕೊಂಡೆ. ಆಮೇಲೆ ಒಂದು ತಿರುವಿನಲ್ಲಿ ಎಂಜಿನ್ ಸದ್ದು ಒಮ್ಮೆ ನುಂಗಿಕೊಂಡಿತು. ಡ್ರೈವರ್ ಗೇರ್ ಇಳಿಸಿದರು. ಆರ್‌ಪಿಎಂ ಮುಳ್ಳು ಮೇಲೇಳಲಿಲ್ಲ, ನೋಡುತ್ತಿದ್ದಂತೆಯೇ ಇಳಿಯಿತು, ಎಂಜಿನ್ ನಿಂತೇಹೋಯಿತು. ಸ್ಟೇರಿಂಗ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಹಿಂದೆ ಒಂದು ಟ್ಯಾಂಕರ್, ಅದರ ಹಿಂದೆ ಬಸ್ಸು, ಬರೀ ಹಾರ್ನ್. ಬ್ರೇಕ್ ಹಿಡಿಯುವಷ್ಟರಲ್ಲಿ ಗಾಡಿ ಒಂದು ಗೇಣು ಹಿಂದಕ್ಕೆ ಜಾರಿತು. ಕ್ಲೀನರ್ ಹುಡುಗ ಕಲ್ಲು ಹಿಡಿದು ಹಾರಿ ಹಿಂದಿನ ಚಕ್ರಕ್ಕೆ ಕೊಟ್ಟ. ಇಪ್ಪತ್ತು ವರ್ಷವೂ ಆಗಿರಲಿಕ್ಕಿಲ್ಲ ಅವನಿಗೆ. ಅವನ ಕೈ ಇದ್ದದ್ದು ಆ ಚಕ್ರದ ಪಕ್ಕದಲ್ಲೇ.

ಡ್ರೈವರಣ್ಣ ನನಗೆ ಒಂದು ಮಾತೂ ಅನ್ನಲಿಲ್ಲ. ನನ್ನ ಮುಖ ಕೂಡ ನೋಡಲಿಲ್ಲ.

ಕ್ಯಾಬಿನ್ ಎತ್ತುವ ಜಾಗ ಅದಲ್ಲ. ಕೆಳಗಿಳಿದು ಕೈಯಲ್ಲಿ ಡೀಸೆಲ್ ಎಳೆಯುವ ಹ್ಯಾಂಡ್ ಪ್ರೈಮರ್ ಒತ್ತಿದೆ, ಕೈಗೆ ಏನೂ ಸಿಗದ ಹಾಗೆ ಪುಸ್ ಪುಸ್ ಅಂತಿತ್ತು. ಏರ್ ಹೊರಗೆ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿದರೆ ಮೊದಲು ನೊರೆ, ಆಮೇಲೆ ಬರೀ ಗಾಳಿ. ಎಲ್ಲೋ ಲೀಕ್ ಆಗಿ ಏರ್ ಸೇರಿದರೆ ನೊರೆಯ ಜೊತೆ ಡೀಸೆಲ್ ಕೂಡ ಬರುತ್ತದೆ. ಇಲ್ಲಿ ಎಳೆಯಲು ಡೀಸೆಲ್ಲೇ ಇರಲಿಲ್ಲ. "ಅಣ್ಣ, ನಿಮ್ ಸೈಡ್ ಟ್ಯಾಂಕ್ ಕೀ ಕೊಡಿ" ಅಂದೆ. ಮೊಬೈಲ್ ಟಾರ್ಚ್ ಬಿಟ್ಟು ಕಡ್ಡಿ ಇಳಿಸಿ ಎತ್ತಿದರೆ ತುದಿ ಎರಡು ಬೆರಳಷ್ಟೇ ಒದ್ದೆ. ಅದೇ ಕಡ್ಡಿಯನ್ನು ಕ್ಲೀನರ್ ಸೈಡಿಗೆ ಇಳಿಸಿದರೆ ಮೊಣಕೈ ಉದ್ದ ಒದ್ದೆ. ಮಳೆಯಲ್ಲಿ ಆ ಕಡ್ಡಿ ಹಿಡಿದು ನಿಂತಿದ್ದು ಮರೆಯುವಂಥದ್ದಲ್ಲ.

ಕ್ಯಾನಿನಲ್ಲಿ ಆ ಕಡೆಯಿಂದ ಈ ಕಡೆಗೆ ನಾಲ್ಕು ಸಲ ಸುರಿದು, ಏರ್ ತೆಗೆದು ಸ್ಟಾರ್ಟ್ ಮಾಡಿದೆವು. ಒಂದೇ ಸಮ ಎಳೆದುಕೊಂಡು ಘಾಟಿಯ ಮೇಲಿನ ದೋಣಿಗಾಲ್ ಮುಟ್ಟಿಸಿತು.

ಮಾರನೇ ದಿನ ಕೆಳಗೆ ಮಲಗಿ ಎಲ್ಲಾ ಲೈನ್ ಕೈಯಲ್ಲಿ ಹಿಡಿದು ನೋಡಿದೆ. ಕೇರಳಕ್ಕಿಂತ ನಮ್ಮ ಕಡೆ ಡೀಸೆಲ್ ಅಗ್ಗ ಅಂತ ಓನರ್ ಹೊರಗಿನವರ ಕೈಲಿ ಕ್ಲೀನರ್ ಸೈಡಿಗೆ ಎರಡನೇ ಟ್ಯಾಂಕ್ ಹಾಕಿಸಿದ್ದರು. ಸಕ್ಷನ್ ಡ್ರೈವರ್ ಸೈಡಿನ ಹಳೇ ಟ್ಯಾಂಕಿನಿಂದ, ಉಳಿದ ಡೀಸೆಲ್ ವಾಪಸ್ ಹೋಗುವ ರಿಟರ್ನ್ ಲೈನ್ ಹೊಸ ಟ್ಯಾಂಕಿಗೆ. ಡೀಸೆಲ್ ಮಟ್ಟ ಮೀಟರಿಗೆ ಹೇಳುವ ಹಳೇ ಫ್ಲೋಟ್ ಕೆಟ್ಟಿದ್ದಕ್ಕೆ ಮೀಟರಿನ ವೈರನ್ನೂ ಹೊಸ ಟ್ಯಾಂಕಿಗೇ ಕೊಟ್ಟಿದ್ದರು. ಅಂದರೆ ಪಂಪ್ ಈ ಟ್ಯಾಂಕಿನಿಂದ ಎಳೆದು, ಉರಿದು ಉಳಿದದ್ದನ್ನು ಆ ಟ್ಯಾಂಕಿಗೆ ತುಂಬುತ್ತಿತ್ತು, ಮೀಟರ್ ತುಂಬುತ್ತಿದ್ದ ಟ್ಯಾಂಕನ್ನು ತೋರಿಸುತ್ತಿತ್ತು. ವಾಪಸ್ ಬರುವ ದಾರಿ ಅಂದರೆ ಬ್ಯಾಲೆನ್ಸ್ ಪೈಪ್ ಒಂದೇ. ಅದರ ನಿಪ್ಪಲ್ ಬಿಚ್ಚಿದೆ. ಒಳಗೆ ಕಾಟನ್ ವೇಸ್ಟ್, ಕಪ್ಪಗೆ ಲೋಳೆಯಾಗಿ ಹೆಬ್ಬೆರಳು ಗಾತ್ರ ಕೂತಿತ್ತು. ಫಿಟ್ಟಿಂಗ್ ಮಾಡುವಾಗ ಧೂಳು ಹೋಗದಿರಲಿ ಅಂತ ತುರುಕಿ ಮರೆತಿದ್ದಾರೆ. ಡೀಸೆಲ್ ಜಿನುಗುತ್ತಿತ್ತು, ಹರಿಯುತ್ತಿರಲಿಲ್ಲ. ಅರ್ಧ ಗಂಟೆ ನಿಂತರೆ ಜಿನುಗಿದ್ದೇ ಸಾಕಾಗಿ ಸ್ಟಾರ್ಟ್ ಆಗುತ್ತಿತ್ತು. ಪಂಪ್ ತಣ್ಣಗಾಗುವುದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಬ್ಯಾಲೆನ್ಸ್ ಪೈಪ್ ದಪ್ಪದ್ದು ಹಾಕಿದೆ. ರಿಟರ್ನ್ ತಂದು ಸಕ್ಷನ್ ಇರುವ ಟ್ಯಾಂಕಿಗೇ ಕೊಟ್ಟೆ, ಮೀಟರಿನ ಫ್ಲೋಟನ್ನೂ ಅದಕ್ಕೇ ಹಾಕಿದೆ. ಎರಡೂ ಕ್ಯಾಪಿನ ಬ್ರೀದರ್, ಅಂದರೆ ಟ್ಯಾಂಕಿಗೆ ಗಾಳಿಯಾಡುವ ತೂತು, ಊದಿ ನೋಡಿದೆ. ಎಲ್ಲ ಸೇರಿ ಒಂದು ಮಧ್ಯಾಹ್ನದ ಕೆಲಸ.

ಸಕ್ಷನ್, ರಿಟರ್ನ್ ಎರಡನ್ನೂ ಇಪ್ಪತ್ತು ಲೀಟರ್ ಕ್ಯಾನಿಗೆ ಕೊಟ್ಟು ಓಡಿಸಿ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಕ್ಯಾನಿನಲ್ಲಿ ಎಳೆದರೆ ಪಂಪ್ ಸರಿ ಇದೆ, ತೊಂದರೆ ಟ್ಯಾಂಕಿನ ಕಡೆ ಇದೆ. ಆ ಕ್ಯಾನು ನಾವು ಗಾಡಿ ನಿಲ್ಲಿಸಿ ಕೆಲಸ ಮಾಡುವ ಬೇ ಪಕ್ಕದ ಮೊಳೆಗೇ ನೇತುಹಾಕಿತ್ತು. ಜಾಬ್ ಕಾರ್ಡಿನಲ್ಲಿ ಆ ಟೆಸ್ಟಿಗೆ ಕಾಲಂ ಇಲ್ಲ, ಲೇಬರ್ ಚಾರ್ಜೂ ಇಲ್ಲ. ಕಾಲಂ ಹಾಕಿಸಿ ಅಂತ ಮೂರು ಸಲ ಕೇಳಿದ್ದೇನೆ, ಇನ್ನೂ ಬಂದಿಲ್ಲ. ಈಗ ರೈಲ್ ಪ್ರೆಷರ್ ಕಂಪ್ಲೇಂಟ್ ಬಂದರೆ ನಾನೇ ಪೆನ್ನಿನಲ್ಲಿ ಬರೆದುಕೊಳ್ಳುತ್ತೇನೆ: ಎರಡೂ ಟ್ಯಾಂಕಿಗೆ ಕಡ್ಡಿ, ಆಮೇಲೆ ಕ್ಯಾನು, ಆಮೇಲೆ ಸ್ಕ್ಯಾನರ್.

ಓನರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ತಪ್ಪು ನನ್ನದು ಅಂದೆ. ನನ್ನ ಕಡೆಯ ಲೇಬರ್ ಬಿಟ್ಟೆ, ಪಂಪ್ ರೂಮಿನ ದುಡ್ಡು ವಾಪಸ್ ಬರುವಂಥದ್ದಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗನಿಗೆ ಏನೂ ಆಗ್ಲಿಲ್ವಲ್ಲ" ಅಂತ ಮಾತ್ರ ಕೇಳಿದರು.