0.341ರ ಬುಷಿಂಗ್
ಅಮೆರಿಕದ ಒಂದು ಶೂಟಿಂಗ್ ಸಾಮಾನಿನ ಅಂಗಡಿಗೆ ಶಿರಸಿಯಲ್ಲಿ ಕೂತು ಚಾಟ್ ಸಪೋರ್ಟ್ ಕೊಡುವುದು ನನ್ನ ಕೆಲಸ. ರಾತ್ರಿ ಪಾಳಿ. ಅಲ್ಲಿ ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೋಶವನ್ನು (ಕೇಸ್) ಮತ್ತೆ ತುಂಬಿ ಬಳಸುವವರಿದ್ದಾರೆ. ಕೇಸನ್ನು ಅಳತೆಗೆ ತರುವ ಅಚ್ಚು (ಡೈ), ಅದನ್ನು ಒತ್ತುವ ಪ್ರೆಸ್, ಕೇಸ್ ಹಿಡಿಯುವ ಶೆಲ್ ಹೋಲ್ಡರ್, ಇವುಗಳ ಬಗ್ಗೆ ಬರುವ ಚಾಟ್‌ಗಳ ಕ್ಯೂ ನನ್ನದು. ಪಕ್ಕದ ತೋಟದ ಹಿರಿಯರ ಹತ್ತಿರ ಮಂಗ, ಹಂದಿ ಓಡಿಸಲು ಲೈಸೆನ್ಸಿನ ಕೋವಿ ಇದೆ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕಾಲದ್ದು. ಅದರಲ್ಲಿ ಕೇಸೂ ಇಲ್ಲ, ಬುಲೆಟ್ ಹಿಡಿಯುವ ನೆಕ್ಕೂ (ಕೇಸಿನ ಕುತ್ತಿಗೆ) ಇಲ್ಲ. ಹಾರಿಸಿದ ಕೇಸಿನ ಕುತ್ತಿಗೆ ಬಿಗಿ ಮಾಡುವ ಡೈ ಯಾವುದು ಅಂತ ಜನರಿಗೆ ಹೇಳುತ್ತೇನೆ ಅಂದಾಗ ಅವರು ಕೇಳಿದ್ದು ಒಂದೇ. "ಇದಕ್ಕೂ ಸಂಬಳ ಕೊಡ್ತಾರಾ?"

ಕೊಡುತ್ತಾರೆ. ಅದರ ಜೊತೆ ಅಟ್ಯಾಚ್ ರೇಟ್ (ಆರ್ಡರಿಗೆ ಎಷ್ಟು ಹೆಚ್ಚುವರಿ ಸಾಮಾನು ಸೇರಿಸಿ ಮಾರಿದೆ ಅನ್ನುವ ಲೆಕ್ಕ) ಅನ್ನುವ ತಲೆನೋವನ್ನೂ ಕೊಡುತ್ತಾರೆ.

ಮಳೆಗಾಲದ ಒಂದು ರಾತ್ರಿ ಬಂದ ಗ್ರಾಹಕನದು .308 ವಿಂಚೆಸ್ಟರ್ ಅನ್ನುವ ರೈಫಲ್ ತೋಟಾ. ಕುತ್ತಿಗೆ ಮಾತ್ರ ಬಿಗಿ ಮಾಡುವ ನೆಕ್ ಸೈಜಿಂಗ್ ಡೈ ಬೇಕು, ಯಾವುದು ತಗೊಳ್ಳಲಿ ಅಂದ. ರೈಫಲ್ ಯಾವುದು ಅಂತ ಕೇಳಿದೆ. ನಮ್ಮ ಮ್ಯಾಕ್ರೋದಲ್ಲಿ (ಮೊದಲೇ ಬರೆದಿಟ್ಟ ಉತ್ತರ) ಈ ಪ್ರಶ್ನೆ ಇಲ್ಲ, ನಾನೇ ಸೇರಿಸಿಕೊಂಡದ್ದು. ಬೋಲ್ಟ್ ಆಕ್ಷನ್ (ಪ್ರತಿ ಸಲ ಬೋಲ್ಟನ್ನು ಕೈಯಿಂದ ಎಳೆದು ಮುಚ್ಚುವಂಥದ್ದು) ಅಂದ. ಸೆಮಿ ಆಟೋ (ಮುಂದಿನ ತೋಟಾ ತಾನೇ ಹಾಕಿಕೊಳ್ಳುವಂಥದ್ದು) ಅಂದಿದ್ದರೆ ನೆಕ್ ಡೈ ಬೇಡ, ಇಡೀ ಕೇಸ್ ಹಿಂಡುವ ಫುಲ್ ಲೆಂಗ್ತ್ ತಗೊಳ್ಳಿ ಅಂತ ಅಲ್ಲೇ ಮುಗಿಸುತ್ತಿದ್ದೆ. ಹಾರಿದ ಕೇಸ್ ಆ ರೈಫಲಿನ ಚೇಂಬರಿಗೆ ತಕ್ಕ ಹಾಗೆ ಉಬ್ಬಿರುತ್ತದೆ. ಅದೇ ರೈಫಲಿಗೆ ಮತ್ತೆ ಹಾಕುವುದಾದರೆ ಮೈಯನ್ನೆಲ್ಲ ಹಿಂಡಬೇಕಿಲ್ಲ, ಬುಲೆಟ್ ಹಿಡಿಯುವಷ್ಟು ಕುತ್ತಿಗೆ ಬಿಗಿಯಾದರೆ ಸಾಕು. ಕೆಲವು ಸಲ ಹಾರಿಸಿದ ಮೇಲೆ ಬೋಲ್ಟ್ ಮುಚ್ಚಲು ಬಿಗಿಯಾಗುತ್ತದೆ, ಆಗ ಹೇಗೂ ಶೋಲ್ಡರ್ (ಕುತ್ತಿಗೆಯ ಕೆಳಗಿನ ಇಳಿಜಾರು) ಹಿಂದೆ ತಳ್ಳಲೇಬೇಕು. ಇದನ್ನೆಲ್ಲ ಹೇಳಿದೆ. ಚೆನ್ನಾಗೇ ನಡೀತಿತ್ತು.

ಮಧ್ಯೆ ಅವನು ಒಂದು ಸಾಲು ಹಾಕಿದ್ದ. ಬ್ರಾಸ್ (ಖಾಲಿ ಕೇಸ್) ಎಲ್ಲ ಬೇರೆ ಬೇರೆ ಕಂಪನಿಯದು, ಶೂಟಿಂಗ್ ರೇಂಜಿನಲ್ಲಿ ಹೆಕ್ಕಿದ್ದೂ ಇದೆ ಅಂತ. ನಾನು ಅದನ್ನು ದಾಟಿ ಹೋದೆ. ನನ್ನ ತಲೆಯಲ್ಲಿ ಆಗಲೇ ಬುಷಿಂಗ್ ಡೈ ಕೂತಿತ್ತು. ಬುಷಿಂಗ್ ಅಂದರೆ ಡೈಯೊಳಗೆ ಹಾಕುವ ಅಳತೆಯ ಉಂಗುರ, ಕುತ್ತಿಗೆ ಬಿಗಿ ಮಾಡುವುದು ಅದೇ. ಅದು ಬೇರೆ ಮಾರುವ ಸಾಮಾನು, ಒಂದು ಆರ್ಡರಿಗೆ ಎರಡು ಐಟಂ. ತಿಂಗಳ ಕೊನೆ ಬೇರೆ.

ಅವನು ಕ್ಯಾಲಿಪರ್ ಹಿಡಿದು ಕುತ್ತಿಗೆಯ ಹೊರ ಅಳತೆ ಕೊಟ್ಟ, 0.343 ಇಂಚು. ಮ್ಯಾಕ್ರೋ ಹೇಳುವುದು ಇಷ್ಟೇ: ನೆಕ್ ಅಳತೆಯಲ್ಲಿ ಎರಡು ಥೌ (ಒಂದು ಥೌ ಅಂದರೆ 0.001 ಇಂಚು) ಕಳೆಯಿರಿ. ಕಳೆದೆ. 0.341ರ ಬುಷಿಂಗ್ ಸೇರಿಸಿ ಆರ್ಡರ್ ಹಾಕಿಸಿದೆ. ಸಿಎಸ್ಯಾಟ್ (ಗ್ರಾಹಕ ಕೊಡುವ ಅಂಕ) ಐದಕ್ಕೆ ಐದು.

ಪಾರ್ಸೆಲ್ ಸಿಕ್ಕಿದ ಮೇಲೆ ಅವನು ಮತ್ತೆ ಬಂದ. ಮಾತಿಲ್ಲ, ಸುಮ್ನೆ ಒಂದು ಫೋಟೋ. ಮೇಜಿನ ಮೇಲೆ ಖಾಲಿ ಕೇಸ್ ನಿಂತಿದೆ. ಡ್ಯಾಮೇಜ್ ಇರಬೇಕು ಅಂದುಕೊಂಡು ಶಿಪ್ಪಿಂಗ್ ಮ್ಯಾಕ್ರೋ ಒತ್ತಿದೆ. "ನಿಮಗಾದ ತೊಂದರೆಗೆ ವಿಷಾದ, ಡಬ್ಬಿಯ ಫೋಟೋ ಕಳಿಸಿ." ಅವನ ಉತ್ತರ: "ಬುಲೆಟ್ ಅದರ ಒಳಗಿದೆ."

ಪೂರ್ತಿ ಒಳಗೆ. ಕುತ್ತಿಗೆ ಹಿಡಿಯಲೇ ಇಲ್ಲ, ಜಾರಿ ತಳ ಸೇರಿತ್ತು.

ಮೊದಲು ಕೇಳಿದ್ದು ಮದ್ದು ಹಾಕಿದ್ದೀರಾ ಅಂತ. ಬುಲೆಟ್ ಸ್ವಲ್ಪ ಒಳಗೆ ಸರಿದ ಕಾರ್ಟ್ರಿಜ್ ಹಾರಿಸಿದರೂ ಒತ್ತಡ ಏರುತ್ತದೆ. ಇವನು ಇದೇ ಡೈಯಲ್ಲಿ ಎಷ್ಟು ಕೇಸ್ ಸೈಜ್ ಮಾಡಿದ್ದಾನೋ, ಅರೆಬರೆ ನಿಂತ ಬುಲೆಟ್ ಇರುವಂಥವು ಇನ್ನೂ ಇವೆಯೋ, ಗೊತ್ತಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಇನ್ವರ್ಟರ್ ಕೀಂಯ್ ಅಂತು, ರೌಟರ್ ಮತ್ತೆ ಮೊದಲಿಂದ ಶುರುವಾಯಿತು. ಹೊರಗೆ ಮಳೆ ಹೊಡೀತಾ ಇದೆ, ಇಲ್ಲಿ ಕೆಂಪು ದೀಪ ಹಸಿರಾಗುವುದನ್ನು ಕಾಯುತ್ತಾ ಕೂತಿದ್ದೇನೆ. ಕೈ ಸುಮ್ಮನಿರಲಿಲ್ಲ, ಹಳೇ ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಹಾಕಿತು.

ಕುತ್ತಿಗೆಯ ಗೋಡೆ ಸುಮಾರು 0.014 ಇಂಚು ಅಂತಿಟ್ಟುಕೊಳ್ಳಿ. ಎರಡು ಬದಿ ಸೇರಿ 0.028. 0.341ರಲ್ಲಿ ಅದನ್ನು ಕಳೆದರೆ ಒಳಗೆ 0.313 ಉಳಿಯುತ್ತದೆ. ಬುಲೆಟ್ 0.308. ಐದು ಥೌ ಸಡಿಲ! ಅವನು ಅಳೆದದ್ದು ಹಾರಿಸಿದ ಕೇಸಿನ ಕುತ್ತಿಗೆ, ಅದು ಚೇಂಬರಿನಷ್ಟು ಅಗಲ ಆಗಿರುತ್ತದೆ. ಎರಡು ಥೌ ಕಳೆಯಬೇಕಿದ್ದುದು ಬುಲೆಟ್ ಕೂತಿರುವ ರೌಂಡಿನ (ತೋಟಾದ) ಕುತ್ತಿಗೆಯ ಅಳತೆಯಲ್ಲಿ. ಅದು 0.336ರ ಸುತ್ತ ಬರುತ್ತಿತ್ತು, ಬುಷಿಂಗ್ 0.334 ಆಗುತ್ತಿತ್ತು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ಟ್ರೇನಿಂಗ್‌ನಲ್ಲಿ ನಾನೇ ಬೇರೆಯವರಿಗೆ ಹೇಳಿಕೊಟ್ಟದ್ದು. ಆದರೆ ಯಾವ ಕುತ್ತಿಗೆ ಅಂತ ಕೇಳಲಿಲ್ಲ ನೋಡಿ.

ಲೈನ್ ಬಂತು. ಉತ್ತರವೂ ಬಂದಿತ್ತು. ಮದ್ದು ಹಾಕಿಲ್ಲ, ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬಿಲ್ಲೆ) ಕೂಡ ಇಲ್ಲ, ಡಮ್ಮಿ ಮಾಡಿ ನೋಡಿದ್ದು. ಗ್ರಾಹಕ ನನಗಿಂತ ಹುಷಾರು.

ಆಮೇಲೆ ಅವನ ಹತ್ತಿರ ಇದ್ದ ಬೇರೆ ಬೇರೆ ಕಂಪನಿಯ ತುಂಬಿದ ರೌಂಡುಗಳನ್ನು ಅಳೆಸಿದೆ. 0.333, 0.336, ಒಂದು 0.338. ಆಗ ಅವನ ಆ ಹಳೇ ಸಾಲು ನೆನಪಾಯಿತು. ಬುಷಿಂಗ್ ಹೊರಗಿನಿಂದ ಒತ್ತುತ್ತದೆ. ಗೋಡೆ ದಪ್ಪ ಇದ್ದರೆ ಒಳಗೆ ಬಿಗಿ, ತೆಳು ಇದ್ದರೆ ಸಡಿಲ. ಒಂದೇ ಜಾತಿಯ ಬ್ರಾಸ್ ಇಟ್ಟುಕೊಂಡು ಅಳೆದು ವಿಂಗಡಿಸುವವರಿಗೆ ಅದು ಒಳ್ಳೆಯದೇ, ಬಿಗಿ ಎಷ್ಟಿರಬೇಕು ಅಂತ ಒಂದೊಂದು ಥೌ ಲೆಕ್ಕದಲ್ಲಿ ಆರಿಸಬಹುದು. ಕಲಬೆರಕೆ ಬ್ರಾಸಿನವನಿಗೆ ಲೀ ಕಂಪನಿಯ ಕಾಲೆಟ್ ಡೈ ಸರಿ. ಅದು ಕುತ್ತಿಗೆಯನ್ನು ನಡುವಿನ ಕಡ್ಡಿ, ಅಂದರೆ ಮ್ಯಾಂಡ್ರೆಲ್‌ಗೆ ಅದುಮುತ್ತದೆ. ಒಳ ಅಳತೆ ಮ್ಯಾಂಡ್ರೆಲ್ ಹೇಳಿದಷ್ಟೇ ಆಗುತ್ತದೆ, ಗೋಡೆಯ ದಪ್ಪದಲ್ಲಿ ಹೆಚ್ಚುಕಮ್ಮಿ ಏನಿದ್ದರೂ ಹೊರಗೆ ಹೋಗುತ್ತದೆ. ಎಕ್ಸ್‌ಪ್ಯಾಂಡರ್ ಬಾಲ್ (ಕುತ್ತಿಗೆಯನ್ನು ಒಳಗಿನಿಂದ ಹಿಗ್ಗಿಸುವ ಗುಂಡು) ಎಳೆಯುವ ಕಾಟ ಇಲ್ಲ, ಜಾರಲು ಹಚ್ಚುವ ಲ್ಯೂಬ್ ಬೇಡ. ಮೇಲಿಂದ ಬೆಲೆಯೂ ಕಡಿಮೆ.

ಬುಷಿಂಗ್ ಡೈ ಆರ್‌ಎಂಎ ಆಗಿ ವಾಪಸ್ ಬಂತು, ಬದಲಿಗೆ ಕಾಲೆಟ್ ಹೋಯಿತು. ಚಾಟ್‌ಗಳ ಗುಣಮಟ್ಟ ನೋಡುವ ಕ್ಯೂಎಯವರು ಎರಡೂ ಚಾಟ್ ತೆಗೆದು ನೋಡಿದರು. ಮೊದಲನೆಯದಕ್ಕೆ ಪೂರ್ತಿ ಅಂಕ. ಎರಡನೆಯದಕ್ಕೆ "ಅಪ್‌ಸೆಲ್ ಅವಕಾಶ ಕೈಬಿಟ್ಟಿದೆ" ಅಂತ ಕೆಂಪು ಗುರುತು. ಟಿಎಲ್ (ಟೀಮ್ ಲೀಡರ್) ಕಾಲ್ ಮಾಡಿ ಅಟ್ಯಾಚ್ ರೇಟ್ ಬಗ್ಗೆಯೇ ಮಾತಾಡಿದರು, ಕೇಸಿನೊಳಗೆ ಬಿದ್ದ ಬುಲೆಟ್ ಬಗ್ಗೆ ಒಂದು ಮಾತಿಲ್ಲ. ಮ್ಯಾಕ್ರೋ ತಿದ್ದಿ ಅಂತ ಟಿಕೆಟ್ ಹಾಕಿದ್ದೇನೆ. "ನೆಕ್ ಅಳತೆ" ಅನ್ನುವ ಜಾಗದಲ್ಲಿ "ಬುಲೆಟ್ ಕೂತ ರೌಂಡಿನ ನೆಕ್ ಅಳತೆ" ಅಂತ ಬರೆದರೆ ಆಯಿತು, ಅಲ್ವಾ? ಪ್ರಯಾರಿಟಿ ಲೋ ಅಂತ ಇಟ್ಟಿದ್ದಾರೆ, ಇನ್ನೂ ಓಪನ್.

ಕಾಲೆಟ್ ಮಾರುವಾಗ ಈಗ ಒಂದು ಸಾಲು ಕೈಯಲ್ಲೇ ಟೈಪ್ ಮಾಡುತ್ತೇನೆ: ಕೇಸ್ ಇಡದೆ ಪ್ರೆಸ್ಸಿನ ಹಿಡಿಕೆ ಒತ್ತಬೇಡಿ, ಕಾಲೆಟ್ ಮುಚ್ಚಿಕೊಂಡು ಒಳಗೇ ಸಿಕ್ಕಿಬೀಳುತ್ತದೆ. ಇದರಿಂದ ಎಎಚ್‌ಟಿ (ಒಂದು ಚಾಟಿಗೆ ಹಿಡಿಯುವ ಸರಾಸರಿ ಸಮಯ) ಜಾಸ್ತಿ ಆಗ್ತಿದೆ ಅಂತ ಟಿಎಲ್ ತಕರಾರು. ಆಗಲಿ.