ಮೇ 25, 2025, ಭಾನುವಾರ: ಶಾರ್ಲಟ್‌ನಲ್ಲಿ ಆರುನೂರು ಮೈಲಿ

ಮನೆ ಸೇರುವಾಗ ನಡುರಾತ್ರಿ ಸಮೀಪಿಸಿತ್ತು. ಕಿವಿಯೊಳಗಿನ ಮೊರೆತ ಇನ್ನೂ ಅಡಗಿಲ್ಲ. ನಾರ್ತ್ ಕೆರೊಲಿನಾದ ಶಾರ್ಲಟ್ ಮೋಟಾರ್ ಸ್ಪೀಡ್‌ವೇಯಲ್ಲಿ ಇಂದು ನಡೆದ ಕೋಕಾ-ಕೋಲಾ 600, ನಾನು ಕಣ್ಣಾರೆ ಕಂಡ ಮೊದಲ ಸ್ಟಾಕ್ ಕಾರ್ ರೇಸು, ಅಂದರೆ ರಸ್ತೆಯ ಕಾರುಗಳ ಆಕಾರದ ರೇಸ್ ಕಾರುಗಳ ಸ್ಪರ್ಧೆ. ಒಂದೂವರೆ ಮೈಲಿಯ ಟ್ರ್ಯಾಕಿನಲ್ಲಿ 400 ಸುತ್ತು, ಅಂದರೆ ಸುಮಾರು 965 ಕಿಲೋಮೀಟರ್. ಅಮೆರಿಕದಲ್ಲಿ ಇಂಥ ರೇಸುಗಳನ್ನು ನಡೆಸುವ ಸಂಸ್ಥೆಯಾದ ನಾಸ್ಕರ್‌ನ ಅತಿ ದೀರ್ಘ ಸ್ಪರ್ಧೆ ಇದೇ.

ಟಿವಿಯಲ್ಲಿ ಎಷ್ಟು ನೋಡಿದ್ದರೂ ತಿರುವುಗಳ ಇಳಿಜಾರು ಇಷ್ಟು ಕಡಿದಾಗಿರುತ್ತದೆಂದು ನನಗೆ ಅಂದಾಜಿರಲಿಲ್ಲ. 24 ಡಿಗ್ರಿ ವಾಲಿದ ಆ ಗೋಡೆಯಂಥ ರಸ್ತೆಗೆ ನಲವತ್ತು ಕಾರುಗಳು ಒಟ್ಟಿಗೆ ನುಗ್ಗಿದಾಗ ಶಬ್ದವು ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಕಿವಿಗೆ ಹತ್ತಿಯುಂಡೆಯಂಥ ಪ್ಲಗ್ ತುರುಕಿಕೊಂಡು, ಅದರ ಮೇಲೆ ಬಾವ ಬಾಡಿಗೆಗೆ ತಂದಿದ್ದ ಹೆಡ್‌ಫೋನ್ ಹಾಕಿಕೊಂಡೆ. ಅದರಲ್ಲಿ ಚಾಲಕನಿಗೂ, ಮೇಲೆ ನಿಂತು ಅವನಿಗೆ ದಾರಿ ಹೇಳುವ ಸ್ಪಾಟರ್‌ಗೂ ನಡೆಯುವ ಮಾತುಕತೆ ಕೇಳುತ್ತದೆ.

ಈ ರೇಸನ್ನು ನಾಲ್ಕು ಹಂತಗಳಾಗಿ ಭಾಗಿಸಿರುತ್ತಾರೆ. ಎರಡನೆಯ ಹಂತ ಮುಗಿದ ಮೇಲೆ ಕಾರುಗಳೆಲ್ಲ ಪಿಟ್ ರಸ್ತೆಗೆ, ಅಂದರೆ ಇಂಧನ, ಟೈರಿಗಾಗಿ ನಿಲ್ಲುವ ಪಕ್ಕದ ದಾರಿಗೆ, ಬಂದು ಎಂಜಿನ್ ಆರಿಸಿದವು. ನಾಳೆ ಇಲ್ಲಿ ಹುತಾತ್ಮ ಯೋಧರ ಸ್ಮರಣೆಯ ದಿನ; ಈ ರೇಸಿನಲ್ಲಿ ಪ್ರತಿ ಕಾರಿನ ಮುಂಗಾಜಿನ ಮೇಲೆ ಚಾಲಕನ ಹೆಸರಿನ ಬದಲು ಮಡಿದ ಯೋಧರೊಬ್ಬರ ಹೆಸರಿರುತ್ತದೆ. ಅಷ್ಟು ಹೊತ್ತಿನ ಆರ್ಭಟದ ನಂತರ ಗ್ಯಾಲರಿಗಳೆಲ್ಲ ಎದ್ದು ನಿಂತು ಮೌನವಾದಾಗ ನನ್ನ ಗಂಟಲು ಕಟ್ಟಿತು.

ಸಂಜೆಯುದ್ದಕ್ಕೂ ನನ್ನ ಕಣ್ಣು ಇದೇ ಊರಿನ ವಿಲಿಯಂ ಬೈರನ್ ಮೇಲಿತ್ತು. ಮೊದಲ ಮೂರು ಹಂತಗಳನ್ನೂ ಗೆದ್ದು, ಒಟ್ಟು 283 ಸುತ್ತುಗಳಲ್ಲಿ ಎಲ್ಲರಿಗಿಂತ ಮುಂದಿದ್ದ ಅವನನ್ನು ಬಿಟ್ಟು ಬೇರೆಡೆ ನೋಡುವ ಅಗತ್ಯವೇ ನನಗೆ ಕಾಣಲಿಲ್ಲ. ನನ್ನ ತಪ್ಪು ಅಲ್ಲೇ ಆಯಿತು. ನಿನ್ನೆ ಅಭ್ಯಾಸದಲ್ಲಿ ಕಾರು ಜಖಂಗೊಂಡು, ತಂಡದವರು ರಾತ್ರಿಯೆಲ್ಲ ದುಡಿದು ಸಿದ್ಧಪಡಿಸಿದ ಬದಲಿ ಕಾರಿನಲ್ಲಿ ನಲವತ್ತನೆಯವನಾಗಿ ಹೊರಟಿದ್ದ ರಾಸ್ ಚಾಸ್ಟೇನ್, ಒಂದೊಂದೇ ಕಾರನ್ನು ಹಿಂದಿಕ್ಕುತ್ತ ಮೇಲೇರುತ್ತಿದ್ದುದನ್ನು ನಾನು ಗಮನಿಸಲೇ ಇಲ್ಲ. “ಒಂದನೇ ನಂಬರ್ ಕಾರು ನೋಡು, ಬರ್ತಾ ಇದಾನೆ” ಎಂದು ಬಾವ ಭುಜ ಅಲುಗಾಡಿಸಿದಾಗ ಅವನು ಬೈರನ್‌ನ ಬೆನ್ನಿಗೇ ಬಂದಿದ್ದ. ಆರು ಸುತ್ತು ಉಳಿದಿರುವಾಗ ಮುನ್ನುಗ್ಗಿದವನು ಮತ್ತೆ ಹಿಂದೆ ಬೀಳಲಿಲ್ಲ. ಟಿವಿಯ ಕ್ಯಾಮೆರಾ ತೋರಿಸಿದ್ದನ್ನಷ್ಟೇ ನೋಡಬೇಕು. ಇಲ್ಲಿ ಇಡೀ ಟ್ರ್ಯಾಕ್ ಕಣ್ಣೆದುರಿಗಿದ್ದೂ ನಾನು ಟಿವಿಯಂತೆಯೇ ಮುಂದಿನವನನ್ನು ಮಾತ್ರ ನೋಡಿದೆನಲ್ಲ ಎಂಬ ಕೊರಗು ಈಗಲೂ ಇದೆ.

ಚಾಸ್ಟೇನ್ ಫ್ಲಾರಿಡಾದ ಕಲ್ಲಂಗಡಿ ಬೆಳೆಗಾರರ ಮನೆತನದವನು. ಗೆದ್ದಾಗಲೆಲ್ಲ ಮಾಡುವಂತೆ ಇಂದೂ ಹಣ್ಣೊಂದನ್ನು ಎತ್ತಿ ನೆಲಕ್ಕೆ ಒಡೆದ. ಬೈರನ್‌ಗಾಗಿ ಅಷ್ಟು ಹೊತ್ತು ಕೂಗಿದ್ದ ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ.